ಕಿತ್ತಳೆ ಪೆಟ್ಟಿಗೆಗೆ ಹೋದ ಏಳು ಹಲಗೆ

ಹಳೆಯ ಚಿತ್ರವನ್ನು ಚೌಕಟ್ಟಿನಿಂದ ಬಿಡಿಸುವುದಕ್ಕೆ ಒಂದು ಕ್ರಮವಿದೆ. ಮೊದಲು ಅದನ್ನು ಕಂಬಳಿಯ ಮೇಲೆ ಬೋರಲಾಗಿ ಮಲಗಿಸಬೇಕು. ಬೆನ್ನಿಗೆ ಅಂಟಿಸಿದ ಕಾಗದವನ್ನು ಅಂಚಿನಿಂದ ಕೊಯ್ದು ತೆಗೆಯಬೇಕು. ಸುತ್ತಲಿನ ಸಣ್ಣ ಮೊಳೆಗಳನ್ನು ಚಪ್ಪಟೆ ಉಳಿಯಿಂದ ಒಂದೊಂದಾಗಿ ಎಬ್ಬಿಸಬೇಕು. ಆಮೇಲೆ ಹಲಗೆ, ಅದರ ಕೆಳಗೆ ಚಿತ್ರ, ಚಿತ್ರದ ಕೆಳಗೆ ಗಾಜು. ನಾಗಪುರದ ಸೀತಾಬರ್ಡಿಯ ಒಂದು ಓಣಿಯಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟುಕೊಂಡು ನಾನು ಈ ಕೆಲಸವನ್ನು ಸಾವಿರಾರು ಸಲ ಮಾಡಿದ್ದೇನೆ. ಕೈ ಬಹಳ ಅಚ್ಚುಕಟ್ಟು ಎಂದು ಹೆಸರಿತ್ತು. ಹೆಸರಿನ ಜೊತೆಗೆ ಸ್ವಲ್ಪ ಕೊಬ್ಬೂ ಬಂದಿತ್ತು. ಆ ಕೊಬ್ಬು ಇನ್ನೊಬ್ಬರ ಮನೆಯ ಗೋಡೆಗೆ ಬಡಿದದ್ದು ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಐವತ್ತಾರನೆಯ ಇಸವಿ. ರಾಜ್ಯಗಳ ವಿಂಗಡಣೆಯಾಗಿ, ನಾಗಪುರದಲ್ಲಿದ್ದ ರಾಜಧಾನಿ ಭೋಪಾಲಕ್ಕೆ ಹೋಗುವುದು ನಿಶ್ಚಯವಾಗಿತ್ತು. ದಸರೆಯ ಹೊತ್ತಿಗೆ ಸಿವಿಲ್ ಲೈನ್ಸಿನ ಬಂಗಲೆಗಳು ಖಾಲಿಯಾಗತೊಡಗಿದವು. ಒಯ್ಯಲಾಗದ ಸಾಮಾನನ್ನು ಸಾಹೇಬರುಗಳು ಅಂಗಳದಲ್ಲೇ ಹರಾಜು ಹಾಕಿಸುತ್ತಿದ್ದರು. ನಾನು ಒಂದೂ ಹರಾಜು ತಪ್ಪಿಸುತ್ತಿರಲಿಲ್ಲ. ನನಗೆ ಬೇಕಾದದ್ದು ಚಿತ್ರಗಳಲ್ಲ, ಅವುಗಳ ಸುತ್ತಲಿನ ಹಳೆಯ ಸಾಗುವಾನಿ ಚೌಕಟ್ಟು. ಒಳಗಿನ ಚಿತ್ರ ಕಿತ್ತು ಪಕ್ಕಕ್ಕಿಟ್ಟು, ಆ ಚೌಕಟ್ಟಿಗೆ ಯಾರದೋ ಮದುವೆಯ ಫೋಟೊ ಕೂರಿಸಿದರೆ ಗಿರಾಕಿಗೂ ಖುಷಿ, ನನಗೂ ಖುಷಿ.

ಅಂಥದೊಂದು ಹರಾಜಿನಲ್ಲಿ ಪರಿಚಯದ ಬಾಯಾರು ಸಿಕ್ಕರು. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಲೆಕ್ಕ ಕಲಿಸುತ್ತಿದ್ದವರು, ನಮ್ಮ ಧಾರವಾಡ ಕಡೆಯವರೇ. ಮದುವೆಯಾಗಿರಲಿಲ್ಲ. ಮುಂದಿನ ಏಪ್ರಿಲ್ ಕೊನೆಗೆ ಅವರ ನೌಕರಿ ಮುಗಿಯುವುದಿತ್ತು. ನೌಕರಿಯ ಜೊತೆಗೆ ಶಾಲೆಯವರು ಕೊಟ್ಟಿದ್ದ ಮನೆಯೂ ಹೋಗುವುದಿತ್ತು. ಅಂಬಾಝರಿ ಕೆರೆಯ ಆಚೆ ಒಂದು ಚಿಕ್ಕ ಜಾಗ ಕೊಂಡಿಟ್ಟು, ಎರಡು ಕೋಣೆಯ ಮನೆ ಕಟ್ಟಿಸಲು ಬೇಕಾದಷ್ಟನ್ನು ಹೊಟ್ಟೆಬಟ್ಟೆ ಕಟ್ಟಿ ಕೂಡಿಹಾಕಿದ್ದರು. ಅದಾಗದಿದ್ದರೆ ಉಮರೇಡಿನ ತಹಶೀಲ ಕಚೇರಿಯಲ್ಲಿದ್ದ ಅಣ್ಣನ ಮಗನ ಮನೆಗೆ ಹೋಗಿ ಇರಬೇಕು. "ಅಲ್ಲಿ ಹೋದರ ನಾ ಅತ್ತಿ ಅಲ್ಲ, ಪುಕ್ಕಟ ಅಡಗೀಯಾಕಿ" ಎಂದು ಒಮ್ಮೆ ನಗುತ್ತ ಹೇಳಿದ್ದರು. ಅದು ನಗುವ ಮಾತಲ್ಲ ಎಂದು ನನಗೂ ಗೊತ್ತಿತ್ತು.

ಅವತ್ತು ಅವರು ಬಂದದ್ದು ಒಂದು ಬೆತ್ತದ ಕುರ್ಚಿಗೆ. ಜಗುಲಿಯ ಗೋಡೆಗೆ ಒರಗಿಸಿಟ್ಟಿದ್ದ ಏಳು ಜಲವರ್ಣದ ಚಿತ್ರಗಳ ಮುಂದೆ ನಿಂತುಬಿಟ್ಟರು. ಎಲ್ಲವೂ ನಾಗಪುರದವೇ. ಮಳೆಯಲ್ಲಿ ಪೇರಲ ಮಾರುವ ಹೆಂಗಸು, ಜುಮ್ಮಾ ತಲಾಬ್ ಕೆರೆಯ ಮೆಟ್ಟಿಲು, ಅರಳೆ ತುಂಬಿದ ಚಕ್ಕಡಿಗಳು, ಓಣಿಯ ಉದ್ದಕ್ಕೂ ನೂಲಿನ ಹಾಸು ಎಳೆದು ನಿಂತ ನೇಕಾರರು. ಪ್ರತಿಯೊಂದರ ಕೆಳಗಿನ ಬಲಮೂಲೆಯಲ್ಲೂ ಮೂರು ಗೀಟಿನ ಒಂದು ಪುಟ್ಟ ಹಕ್ಕಿ. ಅದೇ ಚಿತ್ರಕಾರನ ಗುರುತು.

"ತಮ್ಮಾ, ನೀ ಇದರಾಗ ಇದ್ದಾಂವ. ಇವು ಚಲೋ ಅದಾವೇನು?"

ಚಲೋ ಅದಾವ್ರೀ ಎಂದು ಸುಮ್ಮನಾಗಬಹುದಿತ್ತು. ಆದರೆ ಹಿಂದಿನ ವಾರವಷ್ಟೇ ನಾನು ಗಾಜು ಕತ್ತರಿಸುವಾಗ ಒಬ್ಬ ಗಿರಾಕಿ ಎದುರು ಕೂತು ಹೇಳಿದ್ದ ಮಾತುಗಳೆಲ್ಲ ನನ್ನ ನಾಲಿಗೆಯ ತುದಿಯಲ್ಲಿದ್ದವು. ಅವನ್ನೆಲ್ಲ ನನ್ನದೇ ಅನುಭವವೆಂಬಂತೆ ಒದರಿದೆ.

"ಬಾಯಾರ, ರಾಜಧಾನಿ ಹೋತಂದ್ರ ಈ ಊರಾಗಿನ ಮನೀಗೆ ಯಾರು ಗಿರಾಕಿ? ಚಿತ್ರದ ಮಾತು ಬ್ಯಾರೆ. ಮುಂಬೈಯಾಗ ಈಗ ನಮ್ಮವರು ಬರದ ಚಿತ್ರಕ್ಕ ರೊಕ್ಕ ಸುರುವಾಕತ್ತಾರ. ಐದು ವರ್ಷ ಇಟ್ಟರ ಡಬಲ್."

"ಐದು ವರ್ಷ ಯಾರಿಗೆ ಬೇಕೋ? ನನಗ ಮನೀ ಕಟ್ಟಾಕ ಬ್ಯಾಸಗಿಗೆ ಬೇಕು."

"ಬ್ಯಾಸಗಿಗೆ ಒಂದೂವರಿ ಪಟ್ಟರೆ ಆಗೇ ಆಗ್ತದ ಬಿಡ್ರಿ."

ಹೀಗೆ ಹೇಳಲು ನನಗೆ ಯಾವ ಆಧಾರವೂ ಇರಲಿಲ್ಲ. ಇವತ್ತು ಅದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಏಳನ್ನೂ ಒಟ್ಟಿಗೇ ಹರಾಜಿಗಿಟ್ಟರು. ಇತವಾರಿಯ ಒಬ್ಬ ವ್ಯಾಪಾರಿ ಚೌಕಟ್ಟುಗಳ ಆಸೆಗೆ ಕೂಗುತ್ತ ಹೋದ, ಬಾಯಾರು ಚಿತ್ರಗಳ ಆಸೆಗೆ. ಒಂದು ಹಂತದಲ್ಲಿ ಅವರು ತಡೆದು ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದರು. "ಬಿಡಬ್ಯಾಡ್ರಿ" ಎಂದೆ. ಅವರು ಬಿಡಲಿಲ್ಲ. ಮನೆಗೆಂದು ಇಟ್ಟಿದ್ದರಲ್ಲಿ ಸರಿಯಾಗಿ ಅರ್ಧ ಆ ಅಂಗಳದಲ್ಲೇ ಮುಗಿಯಿತು.

ಚಿತ್ರಗಳನ್ನು ಟಾಂಗಾದಲ್ಲಿ ನೇರ ನನ್ನ ಅಂಗಡಿಗೇ ತಂದೆವು. ಚೌಕಟ್ಟು ಸಡಿಲಾಗಿತ್ತು, ಗಾಜಿನೊಳಗೆ ಧೂಳು ಸೇರಿತ್ತು. "ಹೊಸಾವು ಕಂಡಂಗ ಮಾಡಿಕೊಡು" ಎಂದು ಹೇಳಿ ಬಾಯಾರು ಹೋದರು. ಆ ಮಾತು ನನಗೆ ಬಹಳ ಹಿಡಿಸಿತು. ಹಳೆಯದನ್ನು ಹೊಸದಾಗಿ ಕಾಣಿಸುವುದೇ ಕೆಲಸ ಎಂದು ಆಗ ತಿಳಿದಿದ್ದೆ.

ಮೊದಲಿನ ಚಿತ್ರವನ್ನು ಕಂಬಳಿಯ ಮೇಲೆ ಬೋರಲು ಹಾಕಿದೆ. ಬೆನ್ನಿನ ಕಾಗದ ಬಿಸ್ಕತ್ತಿನಂತೆ ಪುಡಿಯಾಯಿತು. ಅದರ ಕೆಳಗೆ ತೆಳ್ಳನೆಯ ಮಾವಿನ ಹಲಗೆ, ಸರೇಸು ಎಂಬ ಹಳೆಯ ಕಾಲದ ಅಂಟಿನ ಕಂದು ಕಲೆ. ಹಲಗೆಯ ಮೇಲೆ ಸೀಸದ ಕಡ್ಡಿಯಲ್ಲಿ ಮರಾಠಿ ಬರಹ, ಅದರ ಕೆಳಗೆ ಸಹಿ. ಓದಿದೆ. "ನಿಂತದ್ದಕ್ಕೆ ಒಂದಾಣೆ ಕೊಡು ಎಂದಳು. ನನ್ನ ಬಳಿ ಆಣೆ ಇರಲಿಲ್ಲ. ಛತ್ರಿ ಕೊಟ್ಟು ನೆನೆದುಕೊಂಡು ಬಂದೆ." ಪೇರಲ ಮಾರುವ ಹೆಂಗಸಿನ ಚಿತ್ರ ಅದು. ನನಗೆ ನಗು ಬಂತು. ಎರಡನೆಯದು ಕೆರೆಯ ಮೆಟ್ಟಿಲಿನದು. "ಆಕಾಶ ತಪ್ಪಾಗಿದೆ. ಮತ್ತೊಮ್ಮೆ ಮಾಡಬೇಕು." ಚಿತ್ರ ತಿರುಗಿಸಿ ಆಕಾಶ ನೋಡಿದೆ. ಸ್ವಲ್ಪ ಹೆಚ್ಚೇ ನೀಲಿ ಅನ್ನಿಸಿತು, ಹೌದಪ್ಪಾ ಎಂದು ತಲೆಯಾಡಿಸಿದೆ. ಅಷ್ಟರಲ್ಲಿ ಯಾರೋ ಮದುವೆಯ ಫೋಟೊ ಜಲ್ದಿ ಬೇಕೆಂದು ಬಂದು ಕೂತರು. ಉಳಿದ ಐದು ಹಲಗೆಗಳನ್ನು ಓದುವ ಗೋಜಿಗೆ ಹೋಗಲಿಲ್ಲ. ಬರಹವಿತ್ತು ಎಂಬುದು ಮಾತ್ರ ಕಣ್ಣಿಗೆ ಬಿದ್ದಿತ್ತು.

ಏಳಕ್ಕೂ ಹೊಸ ರಟ್ಟು ಹಾಕಿದೆ. ಮೈದಾ ಅಂಟಿಗೆ ಹುಳ ಹತ್ತದಂತೆ ಮೈಲುತುತ್ತ ಬೆರೆಸಿ, ಕಂದು ಕಾಗದವನ್ನು ಒದ್ದೆ ಮಾಡಿ ಎಳೆದು ಅಂಟಿಸಿದೆ. ಒಣಗಿದ ಮೇಲೆ ಬೆರಳಿನಿಂದ ತಟ್ಟಿದರೆ ಟಣ್ ಎನ್ನಬೇಕು, ಅಂದರೇ ಬರೋಬರ್. ಮೂಲೆಯಲ್ಲಿ ನನ್ನ ಅಂಗಡಿಯ ಚೀಟಿ. ನೇಕಾರರ ಚಿತ್ರದ ಗಾಜು ಒಡೆದಿತ್ತು. ನನ್ನ ಬಳಿ ಇದ್ದ ಗಾಜು ಒಂದು ಬೆರಳಷ್ಟು ಗಿಡ್ಡ. ಚಿತ್ರದ ಕೆಳಅಂಚಿನಲ್ಲಿ ನೀರಿನ ಕಲೆ ಹೇಗೂ ಇತ್ತು. ಚೌಕಟ್ಟನ್ನು ಅಷ್ಟು ಗಿಡ್ಡ ಮಾಡಿ, ಅಳತೆಪಟ್ಟಿ ಇಟ್ಟು ಆ ಅಂಚನ್ನು ಕತ್ತರಿಸಿ ತೆಗೆದುಬಿಟ್ಟೆ. ಮೂರು ಗೀಟಿನ ಹಕ್ಕಿ ಆ ಅಂಚಿನಲ್ಲೇ ಇತ್ತು.

ಹಳೆಯ ಹಲಗೆಗಳನ್ನು ಏನು ಮಾಡುತ್ತಿದ್ದೆ ಎಂದು ಹೇಳಬೇಕು. ನಾಗಪುರದಲ್ಲಿ ತೆಳ್ಳನೆಯ ಹಲಗೆ ಎಂದರೆ ಅದಕ್ಕೆ ಸದಾ ಗಿರಾಕಿ ಇರುತ್ತಾರೆ. ಸಂತ್ರಾ ಮಾರ್ಕೆಟ್ಟಿನಲ್ಲಿ ಕಿತ್ತಳೆ ತುಂಬಿದ ಪೆಟ್ಟಿಗೆಗಳಿಗೆ ಮುಚ್ಚಳ ಹೊಡೆಯಲು ಅಲ್ಲಿನವರು ಯಾವ ಹಲಗೆ ಸಿಕ್ಕರೂ ಕೊಳ್ಳುತ್ತಾರೆ. ನಾನು ಹದಿನೈದು ದಿನಕ್ಕೊಮ್ಮೆ ಒಂದು ಹೊರೆ ಕೊಟ್ಟುಬರುತ್ತಿದ್ದೆ. ಆ ಸಲದ ಹೊರೆಯಲ್ಲಿ ಈ ಏಳೂ ಹೋದವು. ಚೂರುಪಾರು ಕಾಗದ ಬೆಳಗಿನ ಚಹಾದ ಒಲೆಗೆ ಹೋಯಿತು.

ಚಿತ್ರಗಳನ್ನು ನೋಡಿ ಬಾಯಾರು ಮಗುವಿನಂತೆ ಹಿಗ್ಗಿದರು. ಡಿಸೆಂಬರಿನಲ್ಲಿ ಅವರು ಒಂದು ಇಂಗ್ಲಿಷ್ ವಾರಪತ್ರಿಕೆ ಹಿಡಿದುಕೊಂಡು ಅಂಗಡಿಗೆ ಓಡಿಬಂದರು. ಅದರಲ್ಲಿ ಅದೇ ಮೂರು ಗೀಟಿನ ಹಕ್ಕಿ! ಆ ಚಿತ್ರಕಾರ ಎರಡನೆಯ ಮಹಾಯುದ್ಧಕ್ಕೆ ಮುಂಚೆ ಕೆಲವು ವರ್ಷ ನಾಗಪುರದಲ್ಲಿದ್ದು ಆಮೇಲೆ ಮುಂಬಯಿಗೆ ಹೋಗಿದ್ದನಂತೆ, ಈಗ ತೀರಿಕೊಂಡಿದ್ದಾನಂತೆ, ಅವನ ಚಿತ್ರಗಳಿಗೆ ಬಹಳ ಬೇಡಿಕೆಯಂತೆ. ಬಾಯಾರು ಪತ್ರಿಕೆಯವರಿಗೆ ಕಾಗದ ಬರೆದರು. ಅದು ಯಾರ್ಯಾರ ಕೈ ದಾಟಿತೋ, ಚಿತ್ರಗಳನ್ನು ಕೊಂಡು ಮಾರುವ ಮುಂಬಯಿಯ ಒಬ್ಬರಿಂದ ಉತ್ತರ ಬಂತು. ಕಲಕತ್ತೆಗೆ ಹೋಗುವ ದಾರಿಯಲ್ಲಿ ನಾಗಪುರದಲ್ಲಿಳಿದು ನೋಡುತ್ತೇನೆ ಎಂದು ಬರೆದಿದ್ದರು.

ಬಂದವರು ಸಣಕಲು ದೇಹದ, ಕಡಿಮೆ ಮಾತಿನ ಮನುಷ್ಯ. ಬಾಯಾರು ಅವಲಕ್ಕಿ ಮಾಡಿದ್ದರು. ನಾನು ಹೊಸ ಅಂಗಿ ಹಾಕಿಕೊಂಡು ಚಿತ್ರಗಳ ಪಕ್ಕದಲ್ಲಿ ಮದುವೆಯ ಮಾವನಂತೆ ನಿಂತಿದ್ದೆ. ಆತ ಮೊದಲನೆಯ ಚಿತ್ರವನ್ನು ಎತ್ತಿಕೊಂಡವರು ಅದರ ಮುಖವನ್ನು ನೋಡಲೇ ಇಲ್ಲ. ತಿರುಗಿಸಿ ಬೆನ್ನು ನೋಡಿದರು. ನನ್ನ ಕಂದು ಕಾಗದವನ್ನು ಬೆರಳಿನಿಂದ ತಟ್ಟಿದರು. ಟಣ್ ಎಂದಿತು.

"ಇಸ್ಕೀ ಪೀಠ್ ಕಹಾಂ ಗಯೀ?" ಎಂದು ಕೇಳಿದರು. ಇದರ ಬೆನ್ನು ಎಲ್ಲಿ ಹೋಯಿತು?

ಹೊಸದು ಹಾಕಿದ್ದೇನೆ ಸಾಹೇಬರೇ ಎಂದೆ, ಇನ್ನೂ ಹೆಮ್ಮೆಯಿಂದಲೇ. ಅವರು ಏಳನ್ನೂ ತಿರುಗಿಸಿ ನೋಡಿ ಕುರ್ಚಿಯಲ್ಲಿ ಕೂತರು. ಆಮೇಲೆ ಹಿಂದಿಯಲ್ಲಿ, ಶಾಲೆಯ ಮಕ್ಕಳಿಗೆ ಹೇಳುವಂತೆ ನಿಧಾನವಾಗಿ ಹೇಳಿದರು. ಚಿತ್ರಕಾರ ತೀರಿಕೊಂಡ ಮೇಲೆ ಅವನ ಹಕ್ಕಿ ಬಹಳ ಮರಿ ಹಾಕಿದೆ. ಮೂರು ಗೀಟು ಯಾರು ಬೇಕಾದರೂ ಎಳೆಯಬಹುದು. ಆದರೆ ಆತ ತನ್ನ ಚಿತ್ರಕ್ಕೆ ತಾನೇ ಹಲಗೆ ಹೊಡೆದು, ಅದರ ಮೇಲೆ ಏನಾದರೊಂದು ಬರೆದು ಸಹಿ ಮಾಡುತ್ತಿದ್ದ. ಆ ಹಲಗೆ ಇದ್ದರೆ ಇವುಗಳ ಬೆಲೆಯೇ ಬೇರೆ. ಇಲ್ಲದಿದ್ದರೆ ಇವು ಗೋಡೆಗೆ ತೂಗುಹಾಕುವ ಚೆಂದದ ಚಿತ್ರಗಳು, ಅಂಥವನ್ನು ನಾನು ಕೊಳ್ಳುವುದಿಲ್ಲ.

ಬಾಯಾರು ಗಾಬರಿಯಾಗಲಿಲ್ಲ. ನನ್ನ ಕಡೆ ತಿರುಗಿದರು.

"ತಮ್ಮಾ, ಹಳೀ ಹಲಗಿ ನಿನ್ನ ಕಡೆ ಅದಾವಲ್ಲಾ?"

"ಅದಾವ್ರಿ. ಹುಡಿಕಿ ಇಡ್ತೀನಿ."

ಆ ಮುಖಕ್ಕೆ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಹತ್ತು ದಿನಕ್ಕೆ ಕಲಕತ್ತೆಯಿಂದ ಹಿಂದಿರುಗುವಾಗ ಮತ್ತೆ ಇಳಿಯುತ್ತೇನೆ, ಹಲಗೆ ತೋರಿಸಿ ಎಂದು ಹೇಳಿ ಮುಂಬಯಿಯವರು ಸ್ಟೇಷನ್ನಿಗೆ ಹೋದರು. ನಾನು ಸೈಕಲ್ ಹತ್ತಿ ನೇರ ಸಂತ್ರಾ ಮಾರ್ಕೆಟ್ಟಿಗೆ ಹೋದೆ.

ನನ್ನಿಂದ ಹಲಗೆ ಕೊಳ್ಳುತ್ತಿದ್ದ ಪೆಟ್ಟಿಗೆಯವ ಬಾಯಲ್ಲಿ ಮೊಳೆ ಕಚ್ಚಿಕೊಂಡೇ ನನ್ನ ಮಾತು ಕೇಳಿದ. ಮೊಳೆಗಳನ್ನು ಅಂಗೈಗೆ ಉಗುಳಿ ಮನಸಾರೆ ನಕ್ಕ.

"ಅರೇ ಭಾವೂ, ತ್ಯಾ ಫಳ್ಯಾ ಕಧೀಚ ಗೇಲ್ಯಾ ಕಲಕತ್ತ್ಯಾಲೆ!"

ಆ ಹಲಗೆಗಳು ಎಂದೋ ಕಲಕತ್ತೆಗೆ ಹೋದವು ಎಂದ. ಆದರೂ ಬಿಡದೆ ನಾಲ್ಕು ದಿನ ಅಲ್ಲಿ ಅಲೆದೆ. ರೈಲಿಗೆ ಏರಿಸಲು ಜೋಡಿಸಿಟ್ಟ ಪೆಟ್ಟಿಗೆಗಳ ಮುಚ್ಚಳಗಳನ್ನೆಲ್ಲ ಬಗ್ಗಿ ಬಗ್ಗಿ ನೋಡಿದೆ. ಒಂದು ಕಡೆ ಸರೇಸಿನ ಕಲೆ ಇದ್ದ ಹಲಗೆ ಕಂಡಿತು. ಪೆಟ್ಟಿಗೆಯವನಿಗೆ ಬೇರೆ ಹಲಗೆ ಕೊಟ್ಟು ಅದನ್ನು ಕೀಳಿಸಿದೆ. ಅದು ಬೇರೆ ಯಾರದೋ ಮದುವೆಯ ಫೋಟೊದ ಹಲಗೆ. ಮನೆಗೆ ಬರುವಾಗ ಬಾಯಾರ ಶಾಲೆಯ ರಸ್ತೆ ಬಿಟ್ಟು ಸುತ್ತು ಹಾಕಿ ಬಂದೆ.

ಆಮೇಲಿನ ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಮುಚ್ಚಿಕೊಂಡು ಒಳಗೆ ಕೂತೆ. ನಿರ್ಧಾರ ಮಾಡಿಯೇ ಕೂತಿದ್ದೆ. ಹಲಗೆಯ ಮೇಲೆ ಬರಹವಿದ್ದದ್ದು ಸತ್ಯ. ಆ ಸತ್ಯವನ್ನು ಇನ್ನೊಂದು ಹಲಗೆಯ ಮೇಲೆ ಬರೆದರೆ ಅದು ಮೋಸವೇ? ಬರಹ ಅವನದೇ, ಕೈ ಮಾತ್ರ ನನ್ನದು ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಸಾಮಾನಿಗಂತೂ ಕೊರತೆಯೇ ಇರಲಿಲ್ಲ. ಅದೇ ಕಾಲದ ಮಾವಿನ ಹಲಗೆಗಳು ಮೂಲೆಯಲ್ಲಿದ್ದವು. ಮೈದಾ ಅಂಟು ಹೊಸದೆಂದು ಮೂಗಿಗೇ ಗೊತ್ತಾಗುತ್ತದೆ, ಹಾಗಾಗಿ ಸರೇಸು ಕಾಯಿಸಿದೆ. ಕಾಗದಕ್ಕೆ ಚಹಾದ ನೀರು ಹಚ್ಚಿ ಬಿಸಿಲಿಗೆ ಹಾಕಿದೆ. ಹಳೆಯ ತುಕ್ಕಿನ ಮೊಳೆಗಳನ್ನು ಡಬ್ಬಿಯಿಂದ ಆರಿಸಿದೆ. ಎರಡು ವರ್ಷ ಚಿತ್ರಕಲೆ ಕಲಿತು ಬಿಟ್ಟವನು ನಾನು, ಅವನ ಕೈಬರಹದ ಧಾಟಿ ಹಿಡಿಯುವುದು ಕಷ್ಟವಾಗಲಿಲ್ಲ.

ಛತ್ರಿಯ ಮಾತು ಬರೆದೆ. ತಪ್ಪಾದ ಆಕಾಶದ ಮಾತು ಬರೆದೆ. ಎರಡೂ ಚೆನ್ನಾಗಿಯೇ ಬಂದವು. ಮೂರನೆಯ ಹಲಗೆ ಎತ್ತಿಕೊಂಡೆ, ಚಕ್ಕಡಿಗಳ ಚಿತ್ರದ್ದು. ಅದರ ಮೇಲೆ ಏನಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಇಲ್ಲಿ ಕೈ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. "ಎತ್ತುಗಳು ಮಲಗಿದವು. ಗಾಡಿಯವನು ನನಗಿಂತ ತಾಳ್ಮೆಯವನು" ಎಂದು ಬರೆದುಬಿಟ್ಟಿತು.

ಓದಿ ನೋಡಿದೆ. ಬಹಳ ಚೆನ್ನಾಗಿತ್ತು. ನೆನಪಿನಿಂದ ಬರೆದ ಎರಡಕ್ಕಿಂತಲೂ ಚೆನ್ನಾಗಿತ್ತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಇಷ್ಟು ಸುಲಭವಾಗಿ, ಇಷ್ಟು ಸಂತೋಷದಿಂದ ಬರೆದವನು ನಾನೇ. ಮೂರು ಹಲಗೆಗಳನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಇದ್ದದ್ದು, ಯಾವುದು ನಾನು ಕಟ್ಟಿದ್ದು ಎಂದು ಇನ್ನೊಬ್ಬರಿಗೆ ತಿಳಿಯುವಂತಿರಲಿಲ್ಲ. ಇನ್ನು ಕೆಲವು ವರ್ಷ ಹೋದರೆ ನನಗೂ ತಿಳಿಯುತ್ತಿರಲಿಲ್ಲವೇನೊ. ಸರೇಸಿನ ಪಾತ್ರೆಯನ್ನು ಒಲೆಯಿಂದಿಳಿಸಿ, ಮೂರು ಹಲಗೆಗಳನ್ನು ಚೀಲದಲ್ಲಿ ಹಾಕಿಕೊಂಡು ಬಾಯಾರ ಮನೆಗೆ ನಡೆದೆ.

ಅವರು ಜಗುಲಿಯ ಮೇಲೆ ಕೂತು ಪರೀಕ್ಷೆಯ ಉತ್ತರಗಳನ್ನು ತಿದ್ದುತ್ತಿದ್ದರು. ನಿಂತೇ ಎಲ್ಲ ಹೇಳಿದೆ. ಹಲಗೆಗಳು ಕಿತ್ತಳೆ ಪೆಟ್ಟಿಗೆಗೆ ಹೋದದ್ದು, ಅದಾವೆ ಎಂದು ಸುಳ್ಳು ಹೇಳಿದ್ದು, ನೇಕಾರರ ಚಿತ್ರದ ಅಂಚು ಕತ್ತರಿಸಿದ್ದು, ಕೊನೆಗೆ ಅವತ್ತು ಮಧ್ಯಾಹ್ನದ ಕೆಲಸ. ಹಲಗೆಗಳನ್ನು ಅವರ ಮುಂದಿಟ್ಟೆ. ಅವರು ಕೆಂಪು ಪೆನ್ಸಿಲ್ಲಿನ ತುದಿಯನ್ನು ಬೆರಳಿನಿಂದ ಒತ್ತುತ್ತ ಕೂತಿದ್ದರು.

"ಅವತ್ತ ಯಾಕ ಹೇಳಲಿಲ್ಲ?"

"ಅಂಜಿದೆ, ಬಾಯಾರ."

"ಅವತ್ತ ಹೇಳಿದ್ದರ ನಾನೂ ಸಂತ್ರಾ ಮಾರ್ಕೆಟ್ಟಿಗೆ ಬರತಿದ್ದೆ. ನಾಕು ಕಣ್ಣು ಹುಡುಕತಿದ್ದವು."

ಅವರು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಅವರು ಅದನ್ನು ಗಮನಿಸದವರಂತೆ ಹಲಗೆಗಳನ್ನು ಒಂದೊಂದಾಗಿ ಓದಿದರು. ಮೂರನೆಯದನ್ನು ಎರಡು ಸಲ ಓದಿದರು.

"ಚಂದ ಬರದೀ," ಎಂದರು. "ಇದರಾಗ ನಿನಗ ಖರೇ ನೆನಪಿದ್ದಾವು ಎಷ್ಟು?"

"ಎರಡ."

"ಏಳರಾಗ ಎರಡ." ಮಡಿಲಲ್ಲಿದ್ದ ಉತ್ತರದ ಹಾಳೆಗಳನ್ನು ತೋರಿಸಿದರು. "ನೋಡು, ಇಲ್ಲೊಬ್ಬಾಕಿ ಏಳು ಲೆಕ್ಕದಾಗ ಎರಡ ಮಾಡ್ಯಾಳ. ಎರಡಕ್ಕ ಮಾರ್ಕು ಕೊಟ್ಟೀನಿ. ಇನ್ನೊಬ್ಬಾಕಿ ಏಳೂ ಮಾಡ್ಯಾಳ, ಬಾಜೂದಾಕಿದು ನೋಡಿ. ಅಕೀಗೆ ಸೊನ್ನಿ. ಅಕೀಗೂ ಎರಡು ಲೆಕ್ಕ ಬರತಿದ್ದವು, ಅವೂ ಹೋದವು."

"ಮನೀ ಹೆಂಗ್ರೀ ಬಾಯಾರ?"

"ಮನೀ ನನ್ನದು. ಅದರ ಚಿಂತಿ ನಾ ಮಾಡ್ತೀನಿ. ನೀ ನೆನಪಿದ್ದಷ್ಟ ಬರಿ. ನಿನ್ನ ಕೈಲೇ ಬರಿ, ಅವನ ಕೈಲೇ ಅಲ್ಲ."

ಮೂರು ಹಲಗೆಗಳನ್ನೂ ಅವರು ನೀರೊಲೆಗೆ ಹಾಕಿದರು. ನಾನು ಅಲ್ಲೇ ಕೂತು ಮರಾಠಿಯಲ್ಲಿ ಏಳು ಹಾಳೆ ಬರೆದೆ. ಇಂಥ ತಿಂಗಳು ಈ ಚಿತ್ರವನ್ನು ಬಿಡಿಸಿದವನು ನಾನು, ಹಿಂದೆ ಮಾವಿನ ಹಲಗೆ ಇತ್ತು, ಅದರ ಮೇಲೆ ಸೀಸದ ಕಡ್ಡಿಯ ಬರಹವೂ ಸಹಿಯೂ ಇದ್ದವು, ನಾನು ಅದನ್ನು ಕಿತ್ತಳೆ ಪೆಟ್ಟಿಗೆಯವನಿಗೆ ಕೊಟ್ಟೆ. ಎರಡು ಹಾಳೆಗಳಲ್ಲಿ ಬರಹ ಏನಿತ್ತೆಂದು ನೆನಪಿದ್ದಷ್ಟು ಸೇರಿಸಿದೆ. ಉಳಿದ ಐದರಲ್ಲಿ "ಓದದೆ ಎಸೆದೆ" ಎಂದು ಬರೆದೆ. ನೇಕಾರರ ಚಿತ್ರದ ಹಾಳೆಯಲ್ಲಿ ಅಂಚು ಕತ್ತರಿಸಿದ್ದನ್ನೂ ಬರೆದೆ. ಮರಾಠಿಯ ಕೆಳಗೆ ಬಾಯಾರು ಅದನ್ನೇ ಇಂಗ್ಲಿಷಿನಲ್ಲಿ ಬರೆದರು. ನಾನು ಸಹಿ ಮಾಡಿ, ಮರುದಿನ ಅಂಗಡಿಯ ಮುದ್ರೆ ಒತ್ತಿ, ಚಿತ್ರಗಳ ಬೆನ್ನಿಗೆ ಒಂದೊಂದನ್ನು ಅಂಟಿಸಿದೆ. ನನ್ನ ಅಂಗಡಿಯ ಚೀಟಿಯನ್ನು ಕಿತ್ತು ಆ ಜಾಗದಲ್ಲೇ ಅಂಟಿಸಿದೆ.

ಮುಂಬಯಿಯವರು ಹೇಳಿದ ದಿನಕ್ಕೆ ಬಂದರು. ಮತ್ತೆ ಬೆನ್ನನ್ನೇ ಮೊದಲು ನೋಡಿದರು. ಏಳು ಹಾಳೆಗಳನ್ನೂ ಓದಿ ಕನ್ನಡಕ ತೆಗೆದು ಒರೆಸಿಕೊಂಡರು.

"ಇದನ್ನು ಬರೆದವರು ನೀವೇ?"

"ಹೌದು ಸಾಹೇಬರೇ."

"ನಿಮ್ಮ ಅಂಗಡಿಗೆ ಇದರಿಂದ ಒಳ್ಳೆಯ ಹೆಸರೇನೂ ಬರುವುದಿಲ್ಲ."

ಬರುವುದಿಲ್ಲವೆಂದು ಗೊತ್ತು ಎಂದೆ. ಅವರು ಪೇರಲ ಹೆಂಗಸಿನ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೊದಲ ಬಾರಿಗೆ ಅದರ ಮುಖವನ್ನು ನೋಡಿದರು. ಆಮೇಲೆ ಹೇಳಿದರು: ಆ ಚಿತ್ರಕಾರನ ಅಕ್ಕ ಇನ್ನೂ ಇದ್ದಾರೆ. ತಮ್ಮನು ನಾಗಪುರದಲ್ಲಿ ಒಬ್ಬ ಹಣ್ಣಿನವಳಿಗೆ ಛತ್ರಿ ಕೊಟ್ಟು ಬಂದು ವಾರವೆಲ್ಲ ಜ್ವರದಲ್ಲಿ ಮಲಗಿದ್ದ ಎಂದು ಇವರಿಗೆ ಹೇಳಿದ್ದರಂತೆ. ಅದು ಎಲ್ಲೂ ಅಚ್ಚಾದ ಮಾತಲ್ಲ. ತನ್ನ ಆಕಾಶ ಎಂದೂ ಸರಿಬರುವುದಿಲ್ಲ ಎಂದು ಆತ ಗೊಣಗುತ್ತಿದ್ದದ್ದೂ ಅವನನ್ನು ಬಲ್ಲವರಿಗೆ ಮಾತ್ರ ಗೊತ್ತು. "ನನ್ನ ಬಳಿ ಬರುವವರಿಗೆ ಎಲ್ಲವೂ ನೆನಪಿರುತ್ತದೆ," ಎಂದರು. "ನೀವು ಐದು ಕಡೆ ಗೊತ್ತಿಲ್ಲ ಎಂದು ಬರೆದಿದ್ದೀರಿ. ಅದಕ್ಕೇ ಉಳಿದ ಎರಡನ್ನು ನಂಬುತ್ತೇನೆ. ಈ ಎರಡನ್ನು ಕೊಳ್ಳುತ್ತೇನೆ. ಮಿಕ್ಕ ನಾಲ್ಕೂ ಅವನವೇ ಇರಬಹುದು, ಆದರೆ ಇರಬಹುದು ಎಂಬುದಕ್ಕೆ ನಾನು ಹಣ ಕೊಡಲಾರೆ. ಅಂಚು ಕತ್ತರಿಸಿದ್ದರ ವಿಷಯದಲ್ಲಿ ನಾನು ಏನೂ ಹೇಳುವಂತಿಲ್ಲ."

ಎರಡಕ್ಕೆ ಅವರು ಕೊಟ್ಟದ್ದು ಬಾಯಾರು ಏಳಕ್ಕೆ ಕೊಟ್ಟದ್ದರ ಮುಕ್ಕಾಲು ಪಾಲಿಗಿಂತ ಕಡಿಮೆಯೇ. ಬಾಯಾರು ಚೌಕಾಸಿ ಮಾಡಲಿಲ್ಲ. ಚಿತ್ರಗಳಿಗೆ ಹಳೆಯ ಸೀರೆ ಸುತ್ತಿ ಕೊಡುತ್ತ ಕೇಳಿದರು, "ನಾನು ಎಲ್ಲಿ ತಪ್ಪಿದೆ?"

ಆತ ನನ್ನ ಕಡೆಯೊಮ್ಮೆ ನೋಡಿ ಬಾಯಾರಿಗೆ ಹೇಳಿದರು: ನಿಮ್ಮ ಕಣ್ಣು ತಪ್ಪಲಿಲ್ಲ, ಬಾಯಾರೇ. ಚಿತ್ರ ಚೆನ್ನಾಗಿಯೇ ಆರಿಸಿದ್ದೀರಿ. ಆದರೆ ಹರಾಜು ಹಾಕಿದವರಿಂದ, ಇದು ಯಾರಿಂದ ಹೇಗೆ ಅವರ ಮನೆಗೆ ಬಂತು ಎಂದು ಅವತ್ತೇ ಒಂದು ಚೀಟಿ ಬರೆಸಿಕೊಳ್ಳಬೇಕಿತ್ತು. ಒಂದು ಮೊಳೆಯನ್ನೂ ಮುಟ್ಟಿಸಬಾರದಿತ್ತು. ಎಲ್ಲಕ್ಕಿಂತ ಮೊದಲು, ಇಂಥ ತಿಂಗಳಿಗೆ ಬೇಕು ಎನ್ನುವ ಹಣವನ್ನು ಚಿತ್ರಕ್ಕೆ ಹಾಕಬಾರದು. ಚಿತ್ರ ಮಾರುವುದಕ್ಕೆ ಹತ್ತು ವರ್ಷವೂ ಆಗಬಹುದು, ಮಾರದೆಯೂ ಇರಬಹುದು. ಮಾರದಿದ್ದರೂ ದಿನಾ ನೋಡಿ ಸಂತೋಷಪಡುತ್ತೇನೆ ಎನ್ನುವವರು ಕೊಳ್ಳಲಿ.

ಚಿತ್ರಗಳನ್ನು ಹರಾಜು ಹಾಕಿಸಿದ ಸಾಹೇಬರು ಭೋಪಾಲಕ್ಕೆ ಹೋಗಿ ಎರಡು ತಿಂಗಳಾಗಿತ್ತು. ಅಂಥ ಚೀಟಿ ಕೇಳಿ ಬಾಯಾರು ಅಲ್ಲಿಗೆ ಬರೆದ ಎರಡು ಕಾಗದಗಳಿಗೂ ಉತ್ತರ ಬರಲಿಲ್ಲ.

ಮನೆ ಕಟ್ಟಿದ್ದು ಒಂದೇ ಕೋಣೆ, ಒಂದು ಅಡುಗೆಮನೆ. ಎರಡನೆಯ ಕೋಣೆಗೆ ಸಾಲಲಿಲ್ಲ. ನಾನು ಕೂಡಿಸಿಟ್ಟಿದ್ದ ಚೂರನ್ನು ತೆಗೆದುಕೊಂಡು ಹೋದೆ. ಬಾಯಾರು ಅದನ್ನು ಮುಟ್ಟಲಿಲ್ಲ.

"ರೊಕ್ಕ ಒಲ್ಲೆ. ಹರಾಜಿನಾಗ ತಂದ ಸಾಗುವಾನಿ ಇಟ್ಟೀಯಲ್ಲ, ಬಾಗಿಲಾ ಕಿಡಕಿಗೆ ಚೌಕಟ್ಟು ನೀನ ಮಾಡಿಕೊಡು. ಎರಡನೇ ಕೋಣಿ ಬಾಗಿಲದ್ದೂ ಮಾಡು."

"ಎರಡನೇ ಕೋಣಿ ಎಲ್ಲೈತ್ರೀ?"

"ನಿನ್ನ ಕಸದ ಹೊರಿಯೊಳಗ ಹೋತು," ಎಂದು ನಕ್ಕರು. "ಚೌಕಟ್ಟರೆ ಇರಲಿ."

ಚಿತ್ರದ ಚೌಕಟ್ಟಿನ ತುಂಡುಗಳಿಂದ ಬಾಗಿಲಿನ ಚೌಕಟ್ಟು ಆಗುವುದಿಲ್ಲ. ಬಂಗಲೆಗಳಿಂದ ತಂದಿದ್ದ ಹಳೆಯ ಕಪಾಟುಗಳ ದಪ್ಪ ಸಾಗುವಾನಿ ಪಟ್ಟಿಗಳನ್ನು ಬಳಸಿ ಮಾಡಿದೆ. ಮಾರ್ಚ್ ತಿಂಗಳೆಲ್ಲ ಬೆಳಗ್ಗೆ ಅಲ್ಲಿ ಕೆಲಸ ಮಾಡಿ ಹನ್ನೊಂದಕ್ಕೆ ಅಂಗಡಿಗೆ ಬರುತ್ತಿದ್ದೆ. ಪೂರ್ವದ ಗೋಡೆಯಲ್ಲಿ ಎರಡನೆಯ ಕೋಣೆಯ ಬಾಗಿಲಿನ ಚೌಕಟ್ಟು ನಿಂತಿತು. ಅದರ ಒಳಗೆ ಗಾರೆಯವನು ಇಟ್ಟಿಗೆ ಇಟ್ಟು ಗಿಲಾವು ಮಾಡಿ ಮುಚ್ಚಿದ. ಮುಂದೆ ಎಂದಾದರೂ ಕೋಣೆ ಕಟ್ಟಿದರೆ ಒಡೆದರಾಯಿತು ಎಂದು. ಏಪ್ರಿಲ್ ಮೂವತ್ತರಂದು ಬಾಯಾರು ಶಾಲೆಯ ಮನೆಯ ಬೀಗದ ಕೈ ಒಪ್ಪಿಸಿ ಅಲ್ಲಿಗೆ ಬಂದರು. ಉಮರೇಡಿಗೆ ಹೋಗಲಿಲ್ಲ. ಉಳಿದ ಐದು ಚಿತ್ರಗಳಲ್ಲಿ ನಾಲ್ಕನ್ನು ಉಳಿದ ಗೋಡೆಗಳಿಗೆ ಹಾಕಿದರು. ಅಂಚು ಕತ್ತರಿಸಿದ ನೇಕಾರರ ಚಿತ್ರವನ್ನು ಇಟ್ಟಿಗೆಯಿಂದ ಮುಚ್ಚಿದ ಆ ಬಾಗಿಲಿನ ನಡುವೆ ತೂಗುಹಾಕಿದರು.

ಆಮೇಲೆ ನನ್ನ ಕೆಲಸದ ಕ್ರಮ ಬದಲಾಯಿತು. ಯಾವ ಹಲಗೆ ಕಿತ್ತರೂ ಅದರ ಮೇಲೆ ಗಿರಾಕಿಯ ಹೆಸರು ಬರೆದು ಇಡುತ್ತೇನೆ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ ಎಂದು ಮನೆಯವಳು ಬೈಯುತ್ತಾಳೆ. ಯಾವ ಚಿತ್ರಕ್ಕೆ ದುಡ್ಡು ಹಾಕಬೇಕು ಎಂದು ಕೇಳಿಕೊಂಡು ಈಗಲೂ ಕೆಲವರು ಬರುತ್ತಾರೆ. ನನಗೆ ಗೊತ್ತಿಲ್ಲ ಎನ್ನುತ್ತೇನೆ. ಒತ್ತಾಯ ಮಾಡಿದರೆ ಬೆನ್ನು ತಿರುಗಿಸಿ ತೋರಿಸಿ ಎನ್ನುತ್ತೇನೆ.

ಹೋದ ಮಳೆಗಾಲ ನೇಕಾರರ ಚಿತ್ರದ ಗಾಜಿಗೆ ಬೂಸರು ಹತ್ತಿದೆ ಎಂದು ಬಾಯಾರು ಹೇಳಿಕಳಿಸಿದರು. ಹೋದೆ. ಅವರಿಗೆ ಈಗ ಸರಿಯಾಗಿ ಕಾಣುವುದಿಲ್ಲ, ಆದರೂ ಆ ಚಿತ್ರದಲ್ಲಿ ಎಷ್ಟು ನೇಕಾರರಿದ್ದಾರೆ, ಯಾರ ಕೈಯಲ್ಲಿ ನೂಲಿಗೆ ಗಂಜಿ ಹಚ್ಚುವ ಕುಂಚವಿದೆ ಎಂದೆಲ್ಲ ಕಣ್ಣು ಮುಚ್ಚಿ ಹೇಳುತ್ತಾರೆ. ಚಿತ್ರವನ್ನು ಇಳಿಸಿ ಕಂಬಳಿಯ ಮೇಲೆ ಬೋರಲು ಹಾಕಿದೆ. ನನ್ನ ಹಾಳೆ ಹಳದಿಯಾಗಿತ್ತು, ಒಂದು ಮೂಲೆಯನ್ನು ಹುಳ ತಿಂದಿತ್ತು. ಅಕ್ಷರ ಮಾತ್ರ ಸ್ಪಷ್ಟವಾಗಿತ್ತು. "ಹಲಗೆಯ ಮೇಲೆ ಬರಹವಿತ್ತು. ಓದದೆ ಎಸೆದೆ. ಅಂಚನ್ನು ಒಂದು ಬೆರಳಗಲ ಕತ್ತರಿಸಿದವನೂ ನಾನೇ."

ಕೈ ತನ್ನಷ್ಟಕ್ಕೇ ಹೊಸ ಕಾಗದದ ಕಡೆಗೆ ಹೋಯಿತು. ಹೊಸದಾಗಿ ಬರೆದು ಅಚ್ಚುಕಟ್ಟಾಗಿ ಅಂಟಿಸೋಣ ಅನ್ನಿಸಿತು. ಕಾಗದದ ಸಪ್ಪಳ ಬಾಯಾರಿಗೆ ಕೇಳಿಸಿತು.

"ತಮ್ಮಾ, ಬೆನ್ನು ಬದಲಿ ಮಾಡಬ್ಯಾಡ."

ಹಾಳೆ ಹರಿಯದಂತೆ ಬೆನ್ನನ್ನು ಇಡಿಯಾಗಿ ಎತ್ತಿ, ಗಾಜು ಮಾತ್ರ ಬದಲಾಯಿಸಿ, ಅದೇ ಬೆನ್ನನ್ನು ಕೂರಿಸಿ, ಚಿತ್ರವನ್ನು ಆ ಮುಚ್ಚಿದ ಬಾಗಿಲಿಗೇ ಮತ್ತೆ 
ತೂಗುಹಾಕಿದೆ.